ಮೊಬೈಲು, ಮಗು, ಪಾಠ: ಬೇರೆ ಬೇರೆ ರೀತಿ ಕಲಿಯುವ ಮಕ್ಕಳಿಗೆ ತಂತ್ರಜ್ಞಾನ – ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರ ಸಭೆಯಲ್ಲಿ, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳುವವರಲ್ಲಿ ಅಪ್ಪ ಅಮ್ಮಂದಿರೇ ಜಾಸ್ತಿ. ಮೇಷ್ಟ್ರುಗಳು, ಮೇಡಂಗಳೂ ಕಮ್ಮಿಯೇನಿಲ್ಲ. ಉತ್ತರ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಕರ್ನಾಟಕದ ಸಾಮಾನ್ಯ ಶಾಲೆ. ದುಡ್ಡು ಕೊಟ್ಟು ಕೊಳ್ಳಬೇಕಾದ ವಸ್ತುಗಳ ಮಾತು ಇಲ್ಲಿ ಕಡಿಮೆ. ನಿಮ್ಮ ಫೋನಿನಲ್ಲಿ ಈಗಾಗಲೇ ಇರುವ ಸೌಲಭ್ಯಗಳ ಮಾತೇ ಹೆಚ್ಚು.

ನನ್ನ ಮಗಳು "ನೋಡಿ ಕಲಿಯುವವಳು" ಅಂತ ಒಂದು ಆನ್‌ಲೈನ್ ಪರೀಕ್ಷೆ ಹೇಳಿತು. ಅವಳಿಗೆ ಬರೀ ವಿಡಿಯೋ ಪಾಠ ಕೊಡಬೇಕಾ?

ಬೇಡ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ನಾಲ್ಕು ಗುಂಪು ಮಾಡುವ ಈ ಪಟ್ಟಿಯನ್ನು ಜನಪ್ರಿಯ ಮಾಡಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಕೇಳಲು ಚೆನ್ನಾಗಿದೆ, ಶಿಕ್ಷಕರ ತರಬೇತಿಗಳಲ್ಲೂ ಓಡಾಡುತ್ತದೆ. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಮಗುವಿನ "ಶೈಲಿ"ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸರಿಯಾದ ಪುರಾವೆ ಅವರಿಗೆ ಸಿಗಲಿಲ್ಲ.

ದಾರಿಯನ್ನು ತೀರ್ಮಾನಿಸುವುದು ಹೆಚ್ಚಾಗಿ ಪಾಠವೇ. ಕಾವೇರಿ ಎಲ್ಲಿ ಹುಟ್ಟಿ ಎಲ್ಲಿ ಹರಿಯುತ್ತದೆ ಅನ್ನುವುದನ್ನು ಯಾವ ಮಗುವಾದರೂ ಭೂಪಟ ನೋಡಿಯೇ ಕಲಿಯಬೇಕು. ಪದ್ಯವನ್ನು ಯಾರೇ ಆಗಲಿ ಕೇಳಬೇಕು, ಬಾಯಲ್ಲಿ ಹೇಳಬೇಕು. ಭಿನ್ನರಾಶಿಗೆ ಕಾಗದ ಮಡಚಬೇಕು. ಆ ಪರೀಕ್ಷೆಯ ಫಲಿತಾಂಶವನ್ನು ಮಗಳಿಗೆ ಹೇಳಲೇಬೇಡಿ. "ನಾನು ಓದಿ ಕಲಿಯುವವಳಲ್ಲ" ಅಂತ ಒಂದು ಸಲ ತಲೆಗೆ ಹೊಕ್ಕರೆ ತೆಗೆಯುವುದು ಕಷ್ಟ.

ಹಾಗಾದರೆ ಮಕ್ಕಳು ಒಬ್ಬರ ಹಾಗೆ ಒಬ್ಬರಿಲ್ಲ ಅನ್ನೋದು ಸುಳ್ಳಾ?

ಸುಳ್ಳಲ್ಲ. ಆದರೆ ವ್ಯತ್ಯಾಸ ಇರುವುದು ಬೇರೆ ಕಡೆ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ? ಹಿಂದಿನ ತರಗತಿಯದು ಎಷ್ಟು ಬಂದಿದೆ? ಹಲಗೆ ಕಾಣುತ್ತದಾ, ಟೀಚರ್ ಮಾತು ಕೇಳುತ್ತದಾ? ಅಕ್ಷರ ಕೂಡಿಸಲು ಎಷ್ಟು ಹೊತ್ತು ಬೇಕು? ಒಂದು ಕಡೆ ಕೂರಲು ಆಗುತ್ತದಾ? ಸಂಜೆ ಮನೆಯಲ್ಲಿ ಓದಲು ಜಾಗ ಇದೆಯಾ? ಮಗು ಎಂಥದ್ದು ಅಂತ ಕೇಳಬೇಡಿ, ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ. ಆ್ಯಪಿನ ಮಾತು ಆಮೇಲೆ.

ನಮಗೆ ಇದು ಹೊಸ ವಿಚಾರವೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಲಿಕಾ ಕಾರ್ಡುಗಳಿದ್ದವು, ಗೋಡೆಯ ಮೇಲೆ ಮೆಟ್ಟಿಲುಗಳ ಪಟ್ಟಿ ಇತ್ತು. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತಿತ್ತು. ರಜೆ ಹಾಕಿ ಬಂದ ಮಗು ಬಿಟ್ಟ ಕಡೆಯಿಂದಲೇ ಹಿಡಿಯುತ್ತಿತ್ತು. ಅದಕ್ಕೆ ಕರೆಂಟೂ ಬೇಕಿರಲಿಲ್ಲ. ಈಗ ಕಂಪನಿಗಳು "ಪರ್ಸನಲೈಸ್ಡ್ ಲರ್ನಿಂಗ್" ಅಂತ ಮಾರುವ ಸರಕಿನಲ್ಲಿ ಅರ್ಧಕ್ಕರ್ಧ ಇದೇ.

ಅಮೆರಿಕದ ಕಾಸ್ಟ್ ಅನ್ನುವ ಸಂಸ್ಥೆ 1984ರಿಂದ ಇದೇ ದಾರಿಯಲ್ಲಿ ಕೆಲಸ ಮಾಡುತ್ತಿದೆ. ಅವರು ಹೇಳುವುದರಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು. ಪಾಠವನ್ನು ಒಂದಕ್ಕಿಂತ ಜಾಸ್ತಿ ರೀತಿಯಲ್ಲಿ ಮುಂದಿಡಿ. ಗೊತ್ತಿರುವುದನ್ನು ತೋರಿಸಲು ಮಗುವಿಗೂ ಒಂದಕ್ಕಿಂತ ಜಾಸ್ತಿ ದಾರಿ ಕೊಡಿ. ಬರೆಯಲಾಗದ ಮಗು ಬಾಯಲ್ಲಿ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮಗ ನಾಲ್ಕನೇ ತರಗತಿ. ಒತ್ತಕ್ಷರ ಬಂದ ತಕ್ಷಣ ನಿಂತುಬಿಡುತ್ತಾನೆ. ಡಿಸ್ಲೆಕ್ಸಿಯಾ ಇರಬಹುದಾ?

ಇರಬಹುದು, ಇಲ್ಲದೆಯೂ ಇರಬಹುದು. ಡಿಸ್ಲೆಕ್ಸಿಯಾ ಅಂದರೆ ಬುದ್ಧಿ ಚುರುಕಾಗಿದ್ದರೂ ಓದುವುದು ಮಾತ್ರ ಕಷ್ಟವಾಗುವ ಕಲಿಕಾ ತೊಂದರೆ. ಕನ್ನಡ ಓದುವ ಮಗುವಿನ ಮುಂದೆ ಇಂಗ್ಲಿಷಿನ 26 ಅಕ್ಷರದಂಥ ಚಿಕ್ಕ ಪಟ್ಟಿ ಇರುವುದಿಲ್ಲ. ವರ್ಣಮಾಲೆ ಆಯಿತು, ಕಾಗುಣಿತ ಆಯಿತು, ಅದರ ಮೇಲೆ ಒತ್ತು. ನೂರಾರು ರೂಪಗಳು. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಲ್ಲಿ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಹಲವು ವರ್ಷ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ನಾಲ್ಕನೆಯಲ್ಲಿ ಒತ್ತಕ್ಷರಕ್ಕೆ ತಡವರಿಸಿದ ಮಾತ್ರಕ್ಕೆ ಗಾಬರಿ ಬೇಡ.

ಚೆನ್ನಾಗಿ ಮಾತಾಡುವ, ಕಥೆ ಹೇಳಿದರೆ ತಕ್ಷಣ ಹಿಡಿಯುವ ಮಗು ಓದಲು ಮಾತ್ರ ಒದ್ದಾಡುತ್ತಿದ್ದರೆ, ಸರಳ ಗುಣಿತಾಕ್ಷರವೂ ಇವತ್ತು ಬಂದು ನಾಳೆ ಮರೆತು ಹೋಗುತ್ತಿದ್ದರೆ, ತಿಂಗಳುಗಟ್ಟಲೆ ಪಾಠ ಹೇಳಿಕೊಟ್ಟರೂ ಹಾಗೆಯೇ ಇದ್ದರೆ ತೋರಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆ. ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಹತ್ತಿರದ ಜಿಲ್ಲಾ ಆಸ್ಪತ್ರೆ. ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಮಾಡಿರುವ ಡಾಲಿ ಅನ್ನುವ ಪರೀಕ್ಷೆ ಕನ್ನಡದಲ್ಲೂ ಇದೆ. ಇದು ಮುಖ್ಯ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಬರೀ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಕೊಟ್ಟ ವರದಿಯನ್ನು ಪೂರ್ತಿ ನಂಬಬೇಡಿ.

ಅಲ್ಲಿಯವರೆಗೆ ಫೋನಿನಿಂದ ಏನು ಮಾಡಬಹುದು? ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅಂತ ಒಂದು ಭಾಗವಿದೆ. ಅಲ್ಲಿ "ಸೆಲೆಕ್ಟ್ ಟು ಸ್ಪೀಕ್" ಆನ್ ಮಾಡಿ. ಕೆಲವು ಫೋನುಗಳಲ್ಲಿ ಇದನ್ನು ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬೇಕು. ಟೆಕ್ಸ್ಟ್-ಟು-ಸ್ಪೀಚ್‌ನಲ್ಲಿ ಕನ್ನಡ ಧ್ವನಿ ಡೌನ್‌ಲೋಡ್ ಮಾಡಿಕೊಳ್ಳಿ. ಪರದೆಯ ಮೇಲಿನ ಸಾಲು ಮುಟ್ಟಿದರೆ ಅದೇ ಓದಿ ಹೇಳುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಡಿ. ಡಿಸ್ಲೆಕ್ಸಿಯಾಕ್ಕೆ ವಿಶೇಷ ಫಾಂಟು ಅಂತ ಬರುವವು ಹೆಚ್ಚಿನವು ಇಂಗ್ಲಿಷ್ ಅಕ್ಷರಗಳಿಗೆ ಮಾಡಿದವು. ಅಲ್ಲೂ ಅವುಗಳಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ.

ಫೋನೇ ಓದಿ ಹೇಳಿದರೆ ಅವನು ಓದೋದನ್ನೇ ಬಿಟ್ಟುಬಿಡ್ತಾನೆ ಅಲ್ವಾ?

ಓದು ಕಲಿಯುವ ಹೊತ್ತು ಬೇರೆ, ವಿಷಯ ಕಲಿಯುವ ಹೊತ್ತು ಬೇರೆ. ಓದು ಕಲಿಯುವಾಗ ಫೋನು ದೂರ ಇಡಿ, ಇಲ್ಲವೇ ಧ್ವನಿಯ ಜೊತೆಗೆ ಬೆರಳಿಟ್ಟು ಓದಿಸಿ. ವಿಜ್ಞಾನ, ಸಮಾಜದ ಹೊತ್ತಿನಲ್ಲಿ ಕೇಳಿಯೇ ಕಲಿಯಲಿ. ಓದಲು ಬರಲಿಲ್ಲ ಅಂತ ದ್ಯುತಿಸಂಶ್ಲೇಷಣೆಯನ್ನೂ ತಪ್ಪಿಸಿದರೆ ಎರಡು ವರ್ಷದಲ್ಲಿ ಮಗು ಎಲ್ಲ ವಿಷಯದಲ್ಲೂ ಹಿಂದೆ ಬಿದ್ದಿರುತ್ತದೆ.

ನಾನು ಟೈಪ್ ಮಾಡಿಸಿ ಕೊಟ್ಟ ನೋಟ್ಸನ್ನು ಕಣ್ಣು ಕಾಣದ ವಿದ್ಯಾರ್ಥಿಯ ಫೋನು ಓದುತ್ತಿಲ್ಲ. ಏನೇನೋ ಇಂಗ್ಲಿಷ್ ಅಕ್ಷರ ಒದರುತ್ತದೆ. ಫೋನು ಕೆಟ್ಟಿದೆಯಾ?

ಫೋನು ಸರಿ ಇದೆ. ತೊಂದರೆ ಇರುವುದು ನಿಮ್ಮ ಕಡತದಲ್ಲಿ. ಕನ್ನಡ ಮಾಧ್ಯಮದ ಮೇಷ್ಟ್ರುಗಳು ಇದೊಂದನ್ನು ತಿಳಿದುಕೊಂಡರೆ ಎಷ್ಟೋ ಮಕ್ಕಳ ದಾರಿ ಸಲೀಸಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಆ ಫಾಂಟು ಅವುಗಳ ಮೇಲೆ ಕನ್ನಡದ ವೇಷ ತೊಡಿಸಿರುತ್ತದೆ. ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ವೇಷ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ. ಫೋನಿನಲ್ಲಿ ನೀವು ಟೈಪ್ ಮಾಡುವ ಕನ್ನಡ ಯೂನಿಕೋಡೇ. ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಆಯ್ಕೆ ಇದೆ. ಡಿಟಿಪಿ ಅಂಗಡಿಯವರಿಗೆ ಮೊದಲೇ ಹೇಳಿ: "ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಬೇಡ, ವರ್ಡ್ ಫೈಲೇ ಕೊಡಿ." ಹಳೆಯ ಕಡತಗಳನ್ನು ಬದಲಾಯಿಸಲು ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ.

ಪಿಡಿಎಫ್ ಮಾಡಬೇಡಿ ಅನ್ನುವುದಕ್ಕೂ ಕಾರಣ ಇದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದರೂ ಪಿಡಿಎಫ್ ಆದ ಮೇಲೆ ಕನ್ನಡದ ಸ್ವರಚಿಹ್ನೆ, ಒತ್ತುಗಳು ಹಿಂದೆ ಮುಂದೆ ಆಗುವುದುಂಟು. ವರ್ಡ್ ಅಥವಾ ಇಪಬ್ (ಇ-ಪುಸ್ತಕ) ಕಡತ ಕ್ಷೇಮ. ವಾಟ್ಸಾಪಿನಲ್ಲಿ ನೇರವಾಗಿ ಟೈಪ್ ಮಾಡಿ ಕಳಿಸಿದರೂ ಸಾಕು.

ಇನ್ನು ಪುಸ್ತಕದ ಪುಟದ ಫೋಟೋ. ಅದು ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಚಿತ್ರದಲ್ಲಿರುವ ಕನ್ನಡವನ್ನು ಪಠ್ಯವಾಗಿ ತೆಗೆದುಕೊಡುತ್ತದೆ. ನೆರಳು ಬೀಳದಂತೆ, ಪುಟ ನೆಟ್ಟಗೆ ಇಟ್ಟು ತೆಗೆದ ಫೋಟೋ ಆದರೆ ತಪ್ಪು ಕಡಿಮೆ. ತಪ್ಪು ಇದ್ದೇ ಇರುತ್ತದೆ, ಮೇಲಿನ ತರಗತಿಯ ಹುಡುಗರಿಂದ ತಿದ್ದಿಸಿ. ಅವರಿಗೂ ಕಾಗುಣಿತ ಗಟ್ಟಿಯಾಗುತ್ತದೆ.

ದೃಷ್ಟಿದೋಷ ಇರುವ ಮಕ್ಕಳಿಗೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಕೊಳ್ಳುವ ಮೊದಲು ಉಚಿತದ್ದನ್ನು ನೋಡಿ. ಆ್ಯಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಇದೆ. ಬಹಳಷ್ಟು ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಶುರುವಾಗುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಯುವಕನೊಬ್ಬ ಶುರು ಮಾಡಿದ ಯೋಜನೆ ಇದು, ಇವತ್ತಿಗೂ ಉಚಿತ. ಅದರ ಜೊತೆಗೆ ಬರುವ ಇ-ಸ್ಪೀಕ್ ಅನ್ನುವ ಧ್ವನಿ ತಂತ್ರಾಂಶ ಕನ್ನಡ ಓದುತ್ತದೆ. ಧ್ವನಿ ಯಂತ್ರದ್ದೇ, ಮೊದಲು ಕಿರಿಕಿರಿ ಆಗುತ್ತದೆ. ಅಭ್ಯಾಸವಾದವರು ಅದನ್ನು ನಮಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಓಡಿಸಿ ಕೇಳುತ್ತಾರೆ!

ಪೂರ್ತಿ ಕುರುಡಲ್ಲದ, ಮಂದದೃಷ್ಟಿಯ ಮಕ್ಕಳಿಗೆ ಇಷ್ಟೆಲ್ಲ ಬೇಡ. ಅಕ್ಷರ ದೊಡ್ಡದು ಮಾಡುವುದು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಫೋನಿನ ಕ್ಯಾಮೆರಾದಲ್ಲಿ ಹಲಗೆಯನ್ನು ಹಿಗ್ಗಿಸಿ ನೋಡುವುದು, ಇಷ್ಟೇ ಸಾಕಾಗಬಹುದು. ತರಗತಿಯಲ್ಲಿ ಫೋನು ತೆಗೆಯಬಾರದು ಅನ್ನುವ ನಿಯಮವನ್ನು ಆ ಮಗುವಿಗೆ ಸಡಿಲಿಸಿ.

ಇಷ್ಟೆಲ್ಲ ಇರುವಾಗ ಬ್ರೈಲ್ ಕಲಿಸಬೇಕಾ?

ಕಲಿಸಬೇಕು. ಬರೀ ಕೇಳಿ ಕಲಿತ ಮಗುವಿಗೆ ಕಾಗುಣಿತ ಗೊತ್ತಾಗುವುದಿಲ್ಲ, ಗಣಿತದ ಸಮೀಕರಣ ತಲೆಯಲ್ಲಿ ನಿಲ್ಲುವುದಿಲ್ಲ. ಕನ್ನಡಕ್ಕೆ ಭಾರತಿ ಬ್ರೈಲ್ ಇದೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬ್ರೈಲ್ ಪುಸ್ತಕ, ಧ್ವನಿ ಪುಸ್ತಕ ಎರಡನ್ನೂ ಮಾಡುತ್ತವೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಬೇರೆ ಬೇರೆ ಭಾರತೀಯ ಭಾಷೆಗಳ ಪುಸ್ತಕಗಳು ಓದಬಹುದಾದ ರೂಪದಲ್ಲಿವೆ. ಮುದ್ರಿತ ಪುಟ ಓದಲಾಗದವರು ಸದಸ್ಯರಾಗಬಹುದು. ಡಿಸ್ಲೆಕ್ಸಿಯಾ ಇರುವವರೂ ಇದರಲ್ಲಿ ಸೇರುತ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಠ್ಯಪುಸ್ತಕವನ್ನು ಹೀಗೆ ಬೇರೆ ರೂಪಕ್ಕೆ ತಂದರೆ ಕಾಪಿರೈಟ್ ತಕರಾರು ಬರುತ್ತದಾ ಅಂತಲೂ ಕೇಳುತ್ತಾರೆ. ಅಂಗವಿಕಲರ ಬಳಕೆಗೆ, ಲಾಭದ ಉದ್ದೇಶ ಇಲ್ಲದೆ ಮಾಡಿದರೆ ಬರುವುದಿಲ್ಲ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೇ ಆ ತಿದ್ದುಪಡಿ ಆಗಿದೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ.

ಕಿವಿ ಕೇಳದ ಹುಡುಗಿ ನಮ್ಮ ಶಾಲೆಗೆ ಸೇರಿದ್ದಾಳೆ. ವಿಡಿಯೋ ತೋರಿಸಿದರೆ ಸಾಕಲ್ವಾ?

ಧ್ವನಿಯ ಮೇಲೆ ನಿಂತ ವಿಡಿಯೋ ಅವಳಿಗೆ ಪ್ರಯೋಜನವಿಲ್ಲ. ಅಡಿಬರಹ ಬೇಕು, ಅಥವಾ ಸನ್ನೆ ಭಾಷೆ ಬೇಕು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ವಿಡಿಯೋ ರೂಪದಲ್ಲಿ. ಕೇಂದ್ರ ಸರ್ಕಾರದ ಟಿವಿ ಪಾಠಗಳು ಬರುವ ಪಿಎಂ ಇ-ವಿದ್ಯಾದ 31ನೇ ಚಾನೆಲ್ಲನ್ನು 2024ರ ಡಿಸೆಂಬರಿನಲ್ಲಿ ಸನ್ನೆ ಭಾಷೆಗೆಂದೇ ಶುರು ಮಾಡಿದ್ದಾರೆ. ಸನ್ನೆ ಭಾಷೆ ಅಂದರೆ ಕನ್ನಡ ವಾಕ್ಯವನ್ನು ಪದಕ್ಕೊಂದು ಕೈಸನ್ನೆ ಮಾಡುವುದಲ್ಲ. ಅದಕ್ಕೆ ಅದರದೇ ವ್ಯಾಕರಣ ಇದೆ. ಆ ಹುಡುಗಿಗೆ ಬರೆದ ಕನ್ನಡ ಎರಡನೇ ಭಾಷೆ ಆಗಿರಬಹುದು. ಅದನ್ನು ನೆನಪಿಟ್ಟುಕೊಂಡು ಅವಳ ಉತ್ತರ ಪತ್ರಿಕೆ ತಿದ್ದಿ.

ಗೂಗಲಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪು ಕನ್ನಡ ಮಾತನ್ನು ಅಕ್ಷರವಾಗಿ ಪರದೆಯ ಮೇಲೆ ಮೂಡಿಸುತ್ತದೆ. ಓದಲು ಬರುವ ದೊಡ್ಡ ಮಕ್ಕಳಿಗೆ ಒಳ್ಳೆಯದು. ಆದರೆ ಗದ್ದಲದ ತರಗತಿಯಲ್ಲಿ, ಫೋನು ಟೀಚರ್‌ನಿಂದ ದೂರವಿದ್ದರೆ, ಕಲಸುಮೇಲೋಗರ ಮಾಡುತ್ತದೆ. ಫೋನನ್ನು ಟೀಚರ್ ಮೇಜಿನ ಮೇಲೆ ಇಡಿ. ಇನ್ನೊಂದು ಮಾತು: ಹಲಗೆ ಕಡೆ ಮುಖ ಮಾಡಿಕೊಂಡು ಪಾಠ ಹೇಳಬೇಡಿ. ತುಟಿ ಕಾಣದಿದ್ದರೆ ಶ್ರವಣ ಸಾಧನ ಹಾಕಿದ ಮಗುವಿಗೂ ಅರ್ಧ ಹೋಗುತ್ತದೆ.

ನಮ್ಮ ಮಗುವಿಗೆ ಮಾತು ಬಂದಿಲ್ಲ, ಆಟಿಸಂ ಅಂದಿದ್ದಾರೆ. ಚಿತ್ರ ಒತ್ತಿದರೆ ಮಾತಾಡುವ ಆ್ಯಪು ಕೊಟ್ಟರೆ ಮಾತು ಬರೋದೇ ನಿಂತುಹೋಗುತ್ತೆ ಅಂತಾರೆ. ನಿಜವಾ?

ಇಲ್ಲ. ಹಾಗೆ ನಿಂತುಹೋಗುತ್ತದೆ ಅನ್ನುವುದಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾದದ್ದೂ ಕಂಡಿದೆ. ಹಸಿವಾಗಿದೆ, ತಲೆ ನೋಯುತ್ತಿದೆ, ಬೇಡ ಅನ್ನುವುದನ್ನು ಹೇಳಲಾಗದೆ ಮಗು ಕಿರುಚುತ್ತಿರಬಹುದು. ಅದಕ್ಕೆ ಒಂದು ದಾರಿ ಸಿಕ್ಕರೆ ಮನೆಯಲ್ಲೂ ನೆಮ್ಮದಿ. ಚೆನ್ನೈನಲ್ಲಿ ಹುಟ್ಟಿದ ಅವಾಜ್, ಬಾಂಬೆ ಐಐಟಿಯಲ್ಲಿ ಹುಟ್ಟಿದ ಜೆಲ್ಲೋ ಇಂಥ ಆ್ಯಪುಗಳು. ವಾಕ್ ಚಿಕಿತ್ಸಕರನ್ನು ಕೇಳಿ ಆರಿಸಿ.

ಮೊದಲ ಹೆಜ್ಜೆಗೆ ಆ್ಯಪೂ ಬೇಕಿಲ್ಲ. ನಿಮ್ಮ ಮನೆಯ ಲೋಟ, ನಿಮ್ಮ ಬಚ್ಚಲು, ಅಜ್ಜಿ, ಶಾಲೆಯ ಬ್ಯಾಗು, ಇವುಗಳ ಫೋಟೋ ತೆಗೆದು ಪ್ರಿಂಟ್ ಹಾಕಿಸಿ. ಬೆಳಿಗ್ಗೆಯಿಂದ ರಾತ್ರಿವರೆಗಿನ ಕ್ರಮದಲ್ಲಿ ಗೋಡೆಗೆ ಅಂಟಿಸಿ. ಮುಂದೇನು ಅಂತ ಗೊತ್ತಿದ್ದರೆ ಎಷ್ಟೋ ರಂಪ ತಪ್ಪುತ್ತದೆ.

ಐದು ನಿಮಿಷ ಒಂದು ಕಡೆ ಕೂರದ ಮಗುವಿಗೆ ಟ್ಯಾಬ್ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತದೆ. ಒಳ್ಳೆಯದೇ ಅಲ್ವಾ?

ಕೂರುವುದೇ ಕಲಿಯುವುದಲ್ಲ. ಬಣ್ಣ, ಸದ್ದು, ನಾಣ್ಯ ಉದುರುವ ಆಟ ಮಗುವನ್ನು ಹಿಡಿದಿಟ್ಟುಕೊಂಡಿದೆ ಅಷ್ಟೆ. ಕೊಟ್ಟರೆ ಒಂದೇ ಕೆಲಸಕ್ಕೆ ಕೊಡಿ. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್ ಆನ್ ಮಾಡಿದರೆ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಲು ಆಗುವುದಿಲ್ಲ. ಹತ್ತು ನಿಮಿಷದ ಗಡಿಯಾರ ಇಟ್ಟು, ಆಮೇಲೆ ಎದ್ದು ಓಡಾಡಲು ಬಿಡಿ.

ಇನ್ನೂ ಶಾಲೆಗೆ ಹೋಗದ ಪುಟ್ಟ ಮಕ್ಕಳಾದರೆ, 2 ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ವರ್ಷ ತುಂಬದ ಕೂಸಿಗೆ ಬೇಡವೇ ಬೇಡ.

ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳು ಕನ್ನಡ ಪಾಠಕ್ಕೆ ಸುಮ್ನೆ ಕೂತಿರುತ್ತಾರೆ. ಏನು ಮಾಡೋದು?

ಇವರನ್ನು ದಡ್ಡರು ಅಂದುಕೊಳ್ಳುವುದೇ ದೊಡ್ಡ ಅನ್ಯಾಯ. ಬಳ್ಳಾರಿ, ಕೋಲಾರ, ಕಲಬುರಗಿ ಕಡೆ, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳ ಹತ್ತಿರದ ಶಾಲೆಗಳಲ್ಲಿ ಇಂಥ ಮಕ್ಕಳು ಬಹಳ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಕಥೆ, ಅದೇ ಚಿತ್ರಗಳು, ಹಲವು ಭಾಷೆಗಳಲ್ಲಿ. ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಕಥೆಗಳನ್ನು ಓದಿನ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ತೆಲುಗಿನಲ್ಲಿ ಮೊದಲು ಕೇಳಿಸಿ, ಆಮೇಲೆ ಕನ್ನಡದಲ್ಲಿ ಓದಿಸಿ. ಲಂಬಾಣಿಯಂಥ ಭಾಷೆಯಲ್ಲಿ ನಿಮಗೆ ಬೇಕಾದ ಕಥೆ ಸಿಗದಿದ್ದರೆ ತಾಂಡಾದ ಅಜ್ಜಿಯಿಂದ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಇದು ಯಾವ ಕಂಪನಿಯ ಆ್ಯಪಿಗೂ ಕಡಿಮೆಯಲ್ಲ.

ತರಗತಿಯಲ್ಲಿ 40 ಮಕ್ಕಳು, 5 ಮಟ್ಟ, ಒಂದೇ ಪ್ರೊಜೆಕ್ಟರ್. ಯಾರಿಗೆ ಅಂತ ಪಾಠ ಮಾಡಲಿ?

ತಂತ್ರಜ್ಞಾನ ನಿಜವಾಗಿ ಸಹಾಯ ಮಾಡಬಹುದಾದ ಜಾಗ ಇದು, ಹಾಳು ಮಾಡಬಹುದಾದ ಜಾಗವೂ ಇದೇ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ತಂತ್ರಾಂಶದ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ತಂತ್ರಾಂಶ ಪ್ರತಿ ಮಗುವಿಗೂ ಅದು ನಿಂತಿರುವ ಮಟ್ಟದ ಲೆಕ್ಕ ಕೊಟ್ಟಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಸುಧಾರಣೆ. ಗಮನಿಸಿ, ಅಲ್ಲಿ ಕಂಪ್ಯೂಟರಿನಷ್ಟೇ ಹೊತ್ತು ಚಿಕ್ಕ ಗುಂಪಿನಲ್ಲಿ ಮನುಷ್ಯರ ಪಾಠವೂ ಇತ್ತು.

ಪ್ರೊಜೆಕ್ಟರ್ ಮಾತ್ರ ಇದ್ದರೆ ಇದು ಆಗುವುದಿಲ್ಲ. ಎಲ್ಲರಿಗೂ ಒಂದೇ ವಿಡಿಯೋ ಹಾಕುವುದು ಹಳೆಯ ಪಾಠವನ್ನೇ ದೊಡ್ಡ ಪರದೆಯಲ್ಲಿ ಮಾಡಿದಂತೆ. ನನ್ನ ಸಲಹೆ: ತರಗತಿಯನ್ನು ಮೂರು ಗುಂಪು ಮಾಡಿ. ಒಂದು ಗುಂಪು ನಿಮ್ಮ ಜೊತೆ, ಒಂದು ಗುಂಪು ಕಾರ್ಡು ಮತ್ತು ಗಣಿತ ಕಿಟ್ ಜೊತೆ, ಒಂದು ಗುಂಪು ಇರುವ ಎರಡು ಮೂರು ಫೋನು ಅಥವಾ ಟ್ಯಾಬ್ ಜೊತೆ. ಅಕ್ಷರ ಫೌಂಡೇಶನ್ನಿನ ಬಿಲ್ಡಿಂಗ್ ಬ್ಲಾಕ್ಸ್ ಗಣಿತದ ಆ್ಯಪು ಕನ್ನಡದಲ್ಲಿದೆ, ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಖಾನ್ ಅಕಾಡೆಮಿಯ ಗಣಿತವೂ ಕನ್ನಡದಲ್ಲಿ ಸಿಗುತ್ತದೆ. ಏಳನೇ ತರಗತಿಯ ಮಗುವಿಗೆ ನಾಲ್ಕನೆಯ ಭಾಗಾಕಾರ ಕೊಡಲು ಮುಜುಗರ ಬೇಡ.

ನಮ್ಮೂರಲ್ಲಿ ನೆಟ್‌ವರ್ಕೇ ಸಿಗಲ್ಲ.

ಮಲೆನಾಡಿನವರ ಗೋಳು ಇದು. ಸಿಗ್ನಲ್ ಇರುವ ಕಡೆ ಇಳಿಸಿಕೊಂಡು, ಮೆಮೊರಿ ಕಾರ್ಡಿನಲ್ಲೋ ಬ್ಲೂಟೂತ್‌ನಲ್ಲೋ ಹಂಚಿ. ಸರ್ಕಾರದ ದೀಕ್ಷಾ ಆ್ಯಪಿನಲ್ಲೂ ಪಾಠ ಇಳಿಸಿಟ್ಟುಕೊಳ್ಳಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸೀದಾ ಆ ಅಧ್ಯಾಯಕ್ಕೇ ಹೋಗುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಕೊಲಿಬ್ರಿ ಅನ್ನುವ ಉಚಿತ ತಂತ್ರಾಂಶ ಹಾಕಿಸಿ. ಒಂದು ಸಲ ಪಾಠ ತುಂಬಿದರೆ ಶಾಲೆಯ ವೈಫೈಯಲ್ಲೇ, ಹೊರಗಿನ ಇಂಟರ್ನೆಟ್ ಇಲ್ಲದೆ, ಮಕ್ಕಳು ನೋಡಬಹುದು. ಟಿವಿಯನ್ನೂ ಮರೆಯಬೇಡಿ. 2020ರ ಲಾಕ್‌ಡೌನ್ ಕಾಲದಲ್ಲಿ ಚಂದನದ ಸಂವೇದ ಪಾಠಗಳು ಸಿಗ್ನಲ್ ಇಲ್ಲದ ಎಷ್ಟೋ ಮನೆಗಳನ್ನು ಮುಟ್ಟಿದ್ದವು.

ದಾನಿಗಳು ಶಾಲೆಗೆ ಟ್ಯಾಬ್ ಕೊಡಿಸ್ತೀವಿ ಅಂದಿದ್ದಾರೆ. ಒಪ್ಪಿಕೊಳ್ಳೋಣವಾ?

ಒಪ್ಪಿಕೊಳ್ಳಿ, ಆದರೆ ಮೊದಲು ಕೇಳಿ: ರಿಪೇರಿ ಯಾರು ಮಾಡಿಸುತ್ತಾರೆ, ಒಳಗೆ ಕನ್ನಡದ ಪಾಠ ಏನಿದೆ, ಟೀಚರ್‌ಗೆ ಯಾರು ಹೇಳಿಕೊಡುತ್ತಾರೆ? ಪೆರು ದೇಶದಲ್ಲಿ ಸರ್ಕಾರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಮಕ್ಕಳು ಲ್ಯಾಪ್‌ಟಾಪ್ ಬಳಸುವುದನ್ನು ಚೆನ್ನಾಗಿ ಕಲಿತಿದ್ದರು, ಅಷ್ಟೆ. 20 ಟ್ಯಾಬ್ ಬದಲು 8 ಟ್ಯಾಬ್, ಜೊತೆಗೆ ಹೆಡ್‌ಫೋನು, ಬೀಗ ಹಾಕುವ ಬೀರು ಕೇಳಿ. ಹೆಡ್‌ಫೋನ್ ಇಲ್ಲದೆ ಎಂಟು ಟ್ಯಾಬ್ ಒಟ್ಟಿಗೆ ಮಾತಾಡಿದರೆ ಏನಾಗುತ್ತದೆ ಅಂತ ಊಹಿಸಿ.

ಆ್ಯಪ್ ಕಂಪನಿಯವರು ಮನೆಗೇ ಬಂದು, ಮಗುವಿಗೆ ಪರೀಕ್ಷೆ ಮಾಡಿ, "ಹಿಂದೆ ಬಿದ್ದಿದ್ದಾನೆ, ಈಗಲೇ ಸೇರಿಸಿ" ಅಂದರು.

ಅವತ್ತೇ ಸಹಿ ಹಾಕಬೇಡಿ. ಪರೀಕ್ಷೆ ಮಾಡುವವರೂ ಮಾರುವವರೂ ಒಬ್ಬರೇ ಆದರೆ ಫಲಿತಾಂಶ ಏನು ಬರುತ್ತದೆ ಅಂತ ಹೇಳಬೇಕಾ? ಕಂತಿನ ಸಾಲ, ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ, ಇವುಗಳ ಬಗ್ಗೆ ಎಚ್ಚರವಿರಲಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ಹೇಳಿತ್ತು. ಮಗುವಿನ ಮಾಹಿತಿಯ ಬಗ್ಗೆಯೂ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

ಎಐ ಚಾಟ್‌ಬಾಟ್‌ಗಳು?

ದೊಡ್ಡವರ ಕೈಯಲ್ಲಿ ಒಳ್ಳೆಯ ಸಹಾಯಕ. ಸಮಾಜ ವಿಜ್ಞಾನದ ಕಷ್ಟದ ಪ್ಯಾರಾವನ್ನು "ಮೂರನೇ ತರಗತಿ ಮಗುವಿಗೆ ಅರ್ಥವಾಗುವ ಹಾಗೆ ಸಣ್ಣ ವಾಕ್ಯಗಳಲ್ಲಿ ಬರೆ" ಅಂದರೆ ಬರೆದುಕೊಡುತ್ತದೆ. ಒಂದೇ ಲೆಕ್ಕವನ್ನು ಮೂರು ಮಟ್ಟದಲ್ಲಿ ಮಾಡಿಕೊಡುತ್ತದೆ. ಆದರೆ ಇಲ್ಲದ್ದನ್ನು ಇದೆ ಅಂತ ಧೈರ್ಯವಾಗಿ ಹೇಳುವ ಚಟ ಇದೆ, ಕರ್ನಾಟಕದ ಇತಿಹಾಸ ಕೇಳಿ ನೋಡಿ. ನೀವು ಓದಿ ತಿದ್ದದೆ ಮಗುವಿಗೆ ಕೊಡಬೇಡಿ.

ನಾವು ಅಮೆರಿಕದಲ್ಲಿದ್ದೇವೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುತ್ತಾಳೆ, ಓದಲು ಬರಲ್ಲ.

ಇವಳೂ ಬೇರೆ ರೀತಿಯ ಕಲಿಯುವವಳೇ. ಒಂದನೇ ತರಗತಿಯ ಪುಸ್ತಕ ಅವಳ ವಯಸ್ಸಿಗೆ ಬೋರು, ಕಾದಂಬರಿ ಅವಳ ಓದಿಗೆ ಭಾರ. ಧ್ವನಿಯಿಂದ ಅಕ್ಷರಕ್ಕೆ ಬನ್ನಿ. ಗೂಗಲಿನ ಕೀಲಿಮಣೆ ಆ್ಯಪು ಜಿಬೋರ್ಡಿನಲ್ಲಿ 2017ರಿಂದ ಕನ್ನಡ ಧ್ವನಿ ಟೈಪಿಂಗ್ ಇದೆ. ಅವಳು ಅಜ್ಜಿಗೆ ಹೇಳಬೇಕಾದ್ದನ್ನು ಮಾತಾಡಲಿ, ಅದು ಅಕ್ಷರವಾಗಿ ಮೂಡಿದ ಮೇಲೆ ತಾನೇ ಓದಿ, ತಪ್ಪು ತಿದ್ದಿ ಕಳಿಸಲಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಯಾವುದು ಅಂತ ಅವಳಿಗೆ ಮೊದಲೇ ಗೊತ್ತಿರುತ್ತದೆ, ಓದು ಬೇಗ ಹತ್ತುತ್ತದೆ. ಇಲ್ಲಿನ ದೊಡ್ಡ ಮಕ್ಕಳಿಗೂ ಇದೇ ಉಪಾಯ ಆದೀತು.

ಸರ್ಕಾರದಿಂದ ಏನು ಸಿಗುತ್ತದೆ? ಯಾರನ್ನು ಕೇಳಬೇಕು? ಪರೀಕ್ಷೆಯಲ್ಲಿ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆಯೂ ಆಟಿಸಮ್ಮೂ ಅದರಲ್ಲಿವೆ. ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಬೇಕಾದ ಸಾಧನಗಳನ್ನು ಉಚಿತವಾಗಿ ಕೊಡಬೇಕು ಅಂತ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಈ ಕಲಂ ನಮೂದಿಸಿ.

ಮೊದಲು ಮುಖ್ಯ ಶಿಕ್ಷಕರನ್ನು ಕೇಳಿ. ಆಮೇಲೆ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ವೈದ್ಯಕೀಯ ಶಿಬಿರ, ಶ್ರವಣ ಸಾಧನ, ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ, ಎಲ್ಲ ಅವರ ಮೂಲಕವೇ. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಇಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ.

ಪರೀಕ್ಷೆಗೆ ಬರಹಗಾರರು (ಮಗು ಹೇಳಿದ ಉತ್ತರವನ್ನು ಬರೆಯುವವರು), ಹೆಚ್ಚುವರಿ ಸಮಯ ಕೇಳಬಹುದು. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಅಂತ ಇದೆ. ಎಸ್ಸೆಸ್ಸೆಲ್ಸಿಗೆ ಈ ವಿನಾಯಿತಿಗಳನ್ನು ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೇ ಶಾಲೆಯ ಮೂಲಕ ಮಂಡಳಿಗೆ ಕಳಿಸಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಎಂಟನೇ ತರಗತಿಯಲ್ಲೇ ಪ್ರಮಾಣಪತ್ರ ಕೈಗೆ ಬರುವಂತೆ ನೋಡಿಕೊಳ್ಳಿ. ಒಂಬತ್ತರ ಪರೀಕ್ಷೆಗಳಲ್ಲೇ ಬರಹಗಾರರನ್ನು ಇಟ್ಟು ರೂಢಿ ಮಾಡಿಸಿ. ಉತ್ತರ ಗೊತ್ತಿದ್ದರೂ ಇನ್ನೊಬ್ಬರಿಗೆ ಹೇಳಿ ಬರೆಸಲು ಅಭ್ಯಾಸ ಬೇಕು. ಅಲ್ಪವಿರಾಮ ಎಲ್ಲಿ, ಚಿತ್ರದಲ್ಲಿ ಯಾವ ಭಾಗಕ್ಕೆ ಯಾವ ಹೆಸರು ಅನ್ನುವುದನ್ನೂ ಬಾಯಲ್ಲೇ ಹೇಳಬೇಕಾಗುತ್ತದೆ.